ಫಿಟ್ಸ್, ಸಿಪಿ, ಆಟಿಸಂ ಇರುವ ಮಕ್ಕಳ ನಿದ್ದೆ: ತಂದೆ-ತಾಯಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಥೆರಪಿಗೆ ಮಕ್ಕಳನ್ನು ಕರೆದುಕೊಂಡು ಬರುವವರು ಮೊದಲು ಕೇಳುವುದು ಯಾವಾಗ ನಡೆಯುತ್ತಾನೆ, ಯಾವಾಗ ಮಾತಾಡುತ್ತಾಳೆ ಅಂತ. ನಿದ್ದೆಯ ಮಾತು ಬರುವುದು ಹೊರಡುವ ಹೊತ್ತಿಗೆ, ಚೀಲ ಹೆಗಲಿಗೆ ಹಾಕಿಕೊಂಡ ಮೇಲೆ. "ರಾತ್ರಿ ಮಲಗೋದೇ ಇಲ್ರಿ. ಇಂಥ ಕೂಸು ಅಂದ್ರ ಹಿಂಗ ಅಲ್ಲೇನ್ರಿ?"

ಅಲ್ಲ. ಅದನ್ನು ಹೇಳಲಿಕ್ಕೇ ಈ ಪ್ರಶ್ನೋತ್ತರ ಬರೆದಿದ್ದೇನೆ. (ಸಿಪಿ ಅಂದರೆ ಸೆರೆಬ್ರಲ್ ಪಾಲ್ಸಿ, ಮೆದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಕೆಡುವುದು. ಆಟಿಸಂ ಅಂದರೆ ಮಾತು, ಜನರೊಡನೆ ಬೆರೆಯುವುದು ಬೇರೆ ರೀತಿ ಇರುವ ಬೆಳವಣಿಗೆಯ ತೊಂದರೆ.) ನಿದ್ದೆ ಕೆಡುವುದಕ್ಕೆ ಬಹಳ ಸಲ ಒಂದು ಕಾರಣ ಇರುತ್ತದೆ. ಹುಡುಕಿದರೆ ಸಿಗುತ್ತದೆ, ಸಿಕ್ಕರೆ ಎಷ್ಟೋ ಸುಧಾರಿಸುತ್ತದೆ. ಔಷಧಿ ಶುರು ಮಾಡುವುದು, ಬದಲಿಸುವುದು, ಬಿಡುವುದು ಮಾತ್ರ ನಿಮ್ಮ ಮಗುವನ್ನು ನೋಡುವ ಡಾಕ್ಟರ್ ಹೇಳಿದಂತೆಯೇ ಆಗಬೇಕು.

ಮೆದುಳಿನ ತೊಂದರೆ ಇರುವ ಮಕ್ಕಳಿಗೆ ನಿದ್ದೆ ಬರುವುದೇ ಇಲ್ಲವೇ?

ಬರುತ್ತದೆ. ಆದರೆ ಬೇರೆ ಮಕ್ಕಳಿಗಿಂತ ಇವರಲ್ಲಿ ನಿದ್ದೆಯ ತೊಂದರೆ ಜಾಸ್ತಿ. ಆಟಿಸಂ ಇರುವವರಲ್ಲಂತೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಇದು ಇದ್ದೇ ಇರುತ್ತದೆ.

ಯಾವಾಗ ಮಲಗಬೇಕು, ಯಾವಾಗ ಏಳಬೇಕು ಎಂದು ತೀರ್ಮಾನಿಸುವುದು ಮೆದುಳೇ. ಕತ್ತಲಾದ ಮೇಲೆ ಅದರೊಳಗಿನ ಸಣ್ಣ ಗ್ರಂಥಿಯೊಂದು ಮೆಲಟೋನಿನ್ ಎಂಬ ಹಾರ್ಮೋನ್ ಬಿಡುತ್ತದೆ. ರಾತ್ರಿಯಾಯಿತು ಎಂದು ದೇಹಕ್ಕೆ ತಿಳಿಯುವುದು ಅದರಿಂದ. ಕಣ್ಣಿಗೆ ಬೆಳಕೇ ಗೊತ್ತಾಗದ ಮಗುವಿನಲ್ಲಿ ಈ ಲೆಕ್ಕ ತಪ್ಪಬಹುದು, ಹಗಲು-ರಾತ್ರಿ ಅದಲು ಬದಲಾಗಬಹುದು. ಕೆಲವು ಅಪರೂಪದ ಜೀನ್ ಕಾಯಿಲೆಗಳಲ್ಲಿ ಮೆಲಟೋನಿನ್ ಹಗಲಲ್ಲೇ ಹೆಚ್ಚು ಬರುವುದೂ ಉಂಟು.

ಇಷ್ಟು ಮೆದುಳಿನದಾಯಿತು. ಇದರ ಮೇಲೆ ಇನ್ನಷ್ಟು ಸೇರಿಕೊಳ್ಳುತ್ತವೆ: ಕೈಕಾಲು ಸೆಳೆತದ ನೋವು, ಎದೆ ಉರಿ, ಮಲಬದ್ಧತೆ, ಉಸಿರಿನ ತೊಂದರೆ, ರಾತ್ರಿ ಬರುವ ಫಿಟ್ಸ್, ಕುಡಿಯುವ ಔಷಧಿ, ನಮ್ಮೂರಿನ ಸೆಕೆ. ಯಾವುದು ಎಂದು ನೋಡದೆ ನೇರ ನಿದ್ದೆ ಗುಳಿಗೆ ಕೇಳಿದರೆ ಕಾರಣ ಒಳಗೇ ಉಳಿಯುತ್ತದೆ.

ಎಷ್ಟು ಗಂಟೆ ನಿದ್ದೆ ಬೇಕು?

ಹಗಲಿನ ನಿದ್ದೆಯೂ ಸೇರಿ, 4 ತಿಂಗಳಿಂದ ವರ್ಷದೊಳಗಿನ ಕೂಸಿಗೆ 12ರಿಂದ 16 ಗಂಟೆ. 1-2 ವರ್ಷಕ್ಕೆ 11ರಿಂದ 14, 3-5 ವರ್ಷಕ್ಕೆ 10ರಿಂದ 13, 6ರಿಂದ 12 ವರ್ಷದವರಿಗೆ 9ರಿಂದ 12, ಹದಿಹರೆಯದವರಿಗೆ 8ರಿಂದ 10 ಗಂಟೆ. ಮೆದುಳಿನ ತೊಂದರೆ ಇದೆ ಅಂತ ಈ ಲೆಕ್ಕ ಕಡಿಮೆಯಾಗುವುದಿಲ್ಲ. ಗಂಟೆಗಿಂತ ಹೆಚ್ಚಾಗಿ ಹಗಲನ್ನು ನೋಡಿ. ಹಗಲೆಲ್ಲಾ ತೂಕಡಿಕೆ, ಇಲ್ಲವೇ ಕಾರಣವಿಲ್ಲದ ಸಿಟ್ಟು ಮತ್ತು ಓಡಾಟ ಇದ್ದರೆ ರಾತ್ರಿಯ ನಿದ್ದೆ ಸಾಲುತ್ತಿಲ್ಲ ಎಂದು ತಿಳಿಯಬಹುದು.

ಸಿಪಿ ಇರುವ ನನ್ನ ಮಗ ಗಂಟೆಗೊಮ್ಮೆ ಎದ್ದು ಅಳುತ್ತಾನೆ. ಸುಮ್ನೆ ಹಟ ಮಾಡುತ್ತಾನಾ?

ಹಟ ಎನ್ನುವ ಮೊದಲು ಒಂದು ಕೆಲಸ ಮಾಡಿ. ನೀವು ಮಲಗಿ, ರಾತ್ರಿಯೆಲ್ಲಾ ಒಂದೇ ಮಗ್ಗುಲಲ್ಲಿ, ಹೊರಳದೆ, ಹೊದಿಕೆ ಸರಿಸದೆ ಇರಲು ಪ್ರಯತ್ನಿಸಿ. ನಾವು ನಿದ್ದೆಯಲ್ಲೇ ಎಷ್ಟೋ ಸಲ ಮಗ್ಗುಲು ಬದಲಿಸುತ್ತೇವೆ, ಸೊಳ್ಳೆ ಓಡಿಸುತ್ತೇವೆ, ಸೆಕೆಯಾದರೆ ಕೌದಿ ಒದೆಯುತ್ತೇವೆ. ಸಿಪಿ ಇರುವ ಮಗುವಿಗೆ ಇದಕ್ಕೆಲ್ಲಾ ಇರುವ ಒಂದೇ ದಾರಿ ನಿಮ್ಮನ್ನು ಕೂಗುವುದು.

ನಾನು ಮೊದಲು ಕೇಳುವುದು ಮಗು ಯಾವುದರ ಮೇಲೆ ಮಲಗುತ್ತದೆ ಅಂತ. ಹಳ್ಳಿಯ ಮನೆಗಳಲ್ಲಿ ಹಗ್ಗದ ಹೊರಸು ಇನ್ನೂ ಇದೆ. ಹಗ್ಗ ಸಡಿಲಾದ ಹೊರಸಿನ ಮೇಲೆ ಮಗುವನ್ನು ಮಲಗಿಸಿ ನೋಡಿ: ಸೊಂಟ ಕೆಳಗಿಳಿಯುತ್ತದೆ, ಬೆನ್ನು ಬಾಗುತ್ತದೆ, ತೊಡೆಗಳು ಒಂದಕ್ಕೊಂದು ಒತ್ತಿ ಕಾಲು ಕತ್ತರಿಯಾಗುತ್ತವೆ. ಆ ಬಿಗಿಯಲ್ಲಿ ಹತ್ತು ನಿಮಿಷ ಇದ್ದರೂ ನೋವು. ಅದೇ ಮಗುವನ್ನು ನೆಲದ ಮೇಲೆ ಗಟ್ಟಿ ಗಾದಿ ಹಾಸಿ ಮಗ್ಗುಲಾಗಿ ಮಲಗಿಸಿ, ಎರಡು ಮೊಣಕಾಲುಗಳ ನಡುವೆ ಹಳೇ ಸೀರೆ ಸುತ್ತಿದ ಸುರುಳಿ ಇಟ್ಟರೆ ಮೈ ಎಷ್ಟೋ ಸಡಿಲಾಗುತ್ತದೆ. ಬೆನ್ನಿಗೂ ಒಂದು ಸುರುಳಿ ಕೊಡಬಹುದು. ಯಾವ ಮಗ್ಗುಲು, ಎಲ್ಲಿ ಆಸರೆ ಎನ್ನುವುದನ್ನು ನಿಮ್ಮ ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸಿಕೊಳ್ಳಿ. ವರ್ಷದೊಳಗಿನ ಕೂಸಿಗೆ ಮಾತ್ರ ದಿಂಬು, ಸುರುಳಿ ಏನೂ ಬೇಡ. ಮುಖ ಮುಚ್ಚಿ ಉಸಿರು ಕಟ್ಟುವ ಅಪಾಯ ಇದೆ.

ಆಮೇಲೆ ಹೊಟ್ಟೆ. ಮಲಗುವ ಮುಂಚೆ ಹೊಟ್ಟೆ ತುಂಬಾ ಹಾಲು ಕುಡಿಸಿ ಅಲ್ಲೇ ಅಂಗಾತ ಮಲಗಿಸಿದರೆ ಹಾಲು ಮೇಲಕ್ಕೆ ಬಂದು ಎದೆ ಉರಿಯುತ್ತದೆ. ಸಿಪಿ ಮಕ್ಕಳಲ್ಲಿ ಇದು ತುಂಬಾ ಸಾಮಾನ್ಯ. ಮಲಗಿದ ಕೂಡಲೇ ಅಳುವುದು, ಬೆನ್ನು ಹಿಂದಕ್ಕೆ ಬಿಲ್ಲಿನಂತೆ ಬಾಗಿಸುವುದು, ರಾತ್ರಿ ಕೆಮ್ಮು, ಇವು ಅದರ ಗುರುತು. ಊಟ ಸ್ವಲ್ಪ ಬೇಗ ಮಾಡಿಸಿ, ಮುಕ್ಕಾಲು ಗಂಟೆ ಎತ್ತಿ ಕೂರಿಸಿ. ಮೂರು ದಿನಕ್ಕೊಮ್ಮೆ ಗಟ್ಟಿ ಮಲವಾಗುತ್ತಿದ್ದರೆ ಅದಕ್ಕೂ ಚಿಕಿತ್ಸೆ ಬೇಕು. ಹುಳುಕು ಹಲ್ಲು ಇದೆಯಾ ನೋಡಿ. ಡೈಪರ್ ಬದಲಿಸುವಾಗ, ಕಾಲು ಅಗಲಿಸುವಾಗ ಕಿರುಚಿದರೆ ಸೊಂಟದ ಕೀಲು ಜಾರಿರಬಹುದು. ಒಂದು ಎಕ್ಸ್‌ರೇ ತೆಗೆದರೆ ಗೊತ್ತಾಗುತ್ತದೆ. ಸ್ನಾಯು ಬಿಗಿ ಜಾಸ್ತಿ ಇದ್ದರೆ ಬ್ಯಾಕ್ಲೋಫೆನ್‌ನಂಥ ಔಷಧಿ ಇದೆ, ಡಾಕ್ಟರನ್ನು ಕೇಳಿ.

ಮಗು ಗೊರಕೆ ಹೊಡೆಯುತ್ತದೆ. ಗಾಢ ನಿದ್ದೆ ಅಂತ ಖುಷಿ ಪಡಬಹುದಾ?

ಬೇಡ. ನೆಗಡಿ ಇದ್ದಾಗ ಎರಡು ದಿನ ಗೊರಕೆ ಬಂದರೆ ಪರವಾಗಿಲ್ಲ. ದಿನಾ ಬರುತ್ತಿದ್ದರೆ ಉಸಿರಿನ ದಾರಿ ಕಟ್ಟುತ್ತಿರಬಹುದು. ಗೊರಕೆ ನಡುವೆ ಉಸಿರು ನಿಂತು, ಗಕ್ಕನೆ ಎಳೆದುಕೊಂಡು ಮತ್ತೆ ಶುರುವಾಗುವುದು, ಬಾಯಿ ತೆರೆದು ಮಲಗುವುದು, ಕತ್ತು ಹಿಂದಕ್ಕೆ ಚಾಚುವುದು, ಬೆವರುವುದು, ಇವೆಲ್ಲಾ ಸ್ಲೀಪ್ ಆಪ್ನಿಯಾದ, ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯ ಗುರುತು. ರಾತ್ರಿಯೆಲ್ಲಾ ಆಮ್ಲಜನಕ ಏರಿಳಿದರೆ ಕಲಿಕೆ ಹಿಂದೆ ಬೀಳುತ್ತದೆ, ಫಿಟ್ಸ್ ಹೆಚ್ಚಾಗಬಹುದು.

ಗಂಟಲಿನ ಟಾನ್ಸಿಲ್, ಮೂಗಿನ ಹಿಂದಿನ ಅಡಿನಾಯ್ಡ್ ಊದಿರುವುದು ಸಾಮಾನ್ಯ ಕಾರಣ. ಇಎನ್‌ಟಿ ಡಾಕ್ಟರ್ ನೋಡಿದರೆ ಗೊತ್ತಾಗುತ್ತದೆ, ಆಪರೇಷನ್‌ನಿಂದ ಬಹಳಷ್ಟು ಮಕ್ಕಳಿಗೆ ಗುಣ ಕಾಣುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಆಪ್ನಿಯಾ ಎಷ್ಟು ಸಾಮಾನ್ಯ ಎಂದರೆ, ಗೊರಕೆ ಇರಲಿ ಬಿಡಲಿ 4 ವರ್ಷದೊಳಗೆ ಒಂದು ಸ್ಲೀಪ್ ಸ್ಟಡಿ (ಮಲಗಿದಾಗ ಉಸಿರು, ಆಮ್ಲಜನಕ ಅಳೆಯುವ ಪರೀಕ್ಷೆ) ಮಾಡಿಸಿ ಎಂದು ಅಮೆರಿಕದ ಮಕ್ಕಳ ತಜ್ಞರ ಸಂಘ ಹೇಳುತ್ತದೆ.

ಡುಶೆನ್‌ನಂಥ ಸ್ನಾಯು ಕ್ಷೀಣತೆ ಇರುವ ಹುಡುಗರದು ಬೇರೆ ತೊಂದರೆ. ಅವರಿಗೆ ಗೊರಕೆಯೇ ಇರದಿರಬಹುದು. ಎದೆಯ ಸ್ನಾಯು ಸೋತು ರಾತ್ರಿ ಉಸಿರು ತೆಳುವಾಗುತ್ತದೆ. ಬೆಳಿಗ್ಗೆ ಎದ್ದಾಗ ತಲೆನೋವು, ಹಗಲು ತೂಕಡಿಕೆ ಶುರುವಾದರೆ ತಡಮಾಡಬೇಡಿ. ರಾತ್ರಿ ಮುಖಕ್ಕೆ ಹಾಕುವ, ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರದಿಂದ ಇವರಿಗೆ ಬಹಳ ಅನುಕೂಲ.

ನಿದ್ದೆಯಲ್ಲಿ ಬೆಚ್ಚಿ ಬೀಳುತ್ತಾಳೆ. ಕನಸಾ, ಫಿಟ್ಸಾ?

ನಿದ್ದೆ ಹತ್ತುವಾಗ ಒಂದೆರಡು ಸಲ ಕೈಕಾಲು ಝಾಡಿಸುವುದು ಎಲ್ಲರಿಗೂ ಇದೆ. ಮಲಗಿ ಎರಡು-ಮೂರು ಗಂಟೆಯೊಳಗೆ ಚೀರಿ ಎದ್ದು, ಕಣ್ಣು ಬಿಟ್ಟಿದ್ದರೂ ನಿಮ್ಮನ್ನು ಗುರುತಿಸದೆ, ಐದು-ಹತ್ತು ನಿಮಿಷ ಅತ್ತು ಮತ್ತೆ ಮಲಗಿದರೆ, ಬೆಳಿಗ್ಗೆ ಏನೂ ನೆನಪಿಲ್ಲದಿದ್ದರೆ ಅದು ಹೆಚ್ಚಾಗಿ ನೈಟ್ ಟೆರರ್. ಅಪಾಯ ಇಲ್ಲ, ಎಬ್ಬಿಸಲು ಹೋಗಬೇಡಿ.

ಫಿಟ್ಸ್‌ಗೆ ಒಂದು ಮಾದರಿ ಇರುತ್ತದೆ. ಪ್ರತಿ ಸಲ ಅದೇ ಕೈ, ಅದೇ ಬಾಯಿ ಸೊಟ್ಟಾಗುವುದು, ಅದೇ ಶಬ್ದ. ಒಂದೇ ರಾತ್ರಿ ಹಲವು ಸಲ ಬರಬಹುದು. ನಿದ್ದೆ ಹತ್ತಿದ ಕೂಡಲೇ ಅಥವಾ ನಸುಕಿನಲ್ಲಿ ಬರುವುದು ಜಾಸ್ತಿ. ಮೈ ಸೆಟೆಯುವುದು, ನಾಲಿಗೆ ಕಚ್ಚಿಕೊಳ್ಳುವುದು, ಹಾಸಿಗೆ ಒದ್ದೆಯಾಗುವುದು ಇರಬಹುದು.

ಸುಮ್ಮನೆ ಬಾಯಲ್ಲಿ ವರ್ಣಿಸುವುದಕ್ಕಿಂತ ಮೊಬೈಲ್ ವಿಡಿಯೋ ಸಾವಿರ ಪಾಲು ಮೇಲು. ಲೈಟ್ ಹಾಕಿ, ಹೊದಿಕೆ ತೆಗೆದು, ಮುಖದಿಂದ ಪಾದದ ತನಕ ಕಾಣುವಂತೆ ಹಿಡಿಯಿರಿ. ನಾಚಿಕೆ ಬೇಡ. ಡಾಕ್ಟರಿಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇಲ್ಲಿ ಒಂದು ಮಾತು ದಪ್ಪ ಅಕ್ಷರದಲ್ಲಿ ಹೇಳಬೇಕು. ವರ್ಷದೊಳಗಿನ ಕೂಸು ನಿದ್ದೆಯಿಂದ ಎದ್ದ ಮೇಲೆ ಸಾಲಾಗಿ, ಕೆಲವು ಸೆಕೆಂಡಿಗೊಮ್ಮೆ ತಲೆ ಬಾಗಿಸಿ ಕೈ ಚಾಚಿ ನಮಸ್ಕಾರ ಮಾಡಿದಂತೆ ಮಾಡುತ್ತಿದ್ದರೆ, ಅದು ಹೊಟ್ಟೆನೋವೂ ಅಲ್ಲ, ಬೆಚ್ಚುವುದೂ ಅಲ್ಲ ಎಂದುಕೊಂಡು ಅದೇ ದಿನ ಡಾಕ್ಟರಿಗೆ ತೋರಿಸಿ. ಇನ್‌ಫಂಟೈಲ್ ಸ್ಪಾಸಂ ಎಂಬ ಫಿಟ್ಸ್ ಹೀಗೆ ಬರುತ್ತದೆ. ಚಿಕಿತ್ಸೆ ತಡವಾದಷ್ಟೂ ಮಗುವಿನ ಬೆಳವಣಿಗೆ ಹಿಂದೆ ಬೀಳುತ್ತದೆ.

ರಾತ್ರಿ ಫಿಟ್ಸ್ ಬಂದರೆ ಏನು ಮಾಡಬೇಕು?

ಮಗ್ಗುಲಾಗಿ ತಿರುಗಿಸಿ, ಕತ್ತಿನ ಗುಂಡಿ ಸಡಿಲಿಸಿ, ಗಡಿಯಾರ ನೋಡಿ. ಕೈಗೆ ಕಬ್ಬಿಣ, ಬೀಗದ ಕೈ ಕೊಡಬೇಡಿ. ಚಪ್ಪಲಿ, ಉಳ್ಳಾಗಡ್ಡಿ ಮೂಸಿಸಬೇಡಿ. ಬಾಯಿಗೆ ಚಮಚ, ಬೆರಳು, ನೀರು ಏನೂ ಬೇಡ. 5 ನಿಮಿಷಕ್ಕಿಂತ ಜಾಸ್ತಿಯಾದರೆ, ಅಥವಾ ಎಚ್ಚರವಾಗದೆ ಮತ್ತೆ ಬಂದರೆ 108ಕ್ಕೆ ಫೋನ್ ಮಾಡಿ. ಹಳ್ಳಿಯಿಂದ ಆಸ್ಪತ್ರೆ ದೂರ ಇರುವವರು ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ ಬಗ್ಗೆ ಡಾಕ್ಟರನ್ನು ಮೊದಲೇ ಕೇಳಿ, ತೂಕಕ್ಕೆ ತಕ್ಕ ಡೋಸ್ ಬರೆಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಬೇಕು.

ಫಿಟ್ಸ್ ಗುಳಿಗೆಯಿಂದಲೇ ನಿದ್ದೆ ಕೆಟ್ಟಿದೆ ಅನಿಸುತ್ತದೆ. ಬಿಡಬಹುದಾ?

ಬಿಡಬಾರದು. ಒಮ್ಮೆಲೇ ಬಿಟ್ಟರೆ ನಿಲ್ಲದ ಫಿಟ್ಸ್ ಬರಬಹುದು. ಆದರೆ ನಿಮ್ಮ ಅನುಮಾನ ನಿಜವೂ ಇರಬಹುದು, ಅದನ್ನು ಡಾಕ್ಟರಿಗೆ ಹೇಳಿ. ಫಿನೋಬಾರ್ಬಿಟೋನ್, ಕ್ಲೋಬಜಾಮ್ ಹಗಲು ಮಂಕು ತರಬಹುದು. ಲೆವೆಟಿರಾಸಿಟಾಮ್‌ನಿಂದ ಕೆಲವರಿಗೆ ಸಿಟ್ಟು, ಚಡಪಡಿಕೆ. ಡೋಸ್ ಹೊತ್ತು ಬದಲಿಸಿದರೇ ಸರಿಹೋಗುವುದುಂಟು.

ನಿದ್ದೆ ಮತ್ತು ಫಿಟ್ಸ್ ನಂಟು ಎರಡೂ ಕಡೆಯದು. ಫಿಟ್ಸ್ ನಿದ್ದೆ ಕೆಡಿಸುತ್ತದೆ, ನಿದ್ದೆಗೆಟ್ಟರೆ ಫಿಟ್ಸ್ ಬರುತ್ತದೆ. ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ಉರುಸು, ಊರಿನ ಮದುವೆ, ಮುಂಬೈಗೋ ಬೆಂಗಳೂರಿಗೋ ರಾತ್ರಿ ಪ್ರಯಾಣ, ಇವು ಮುಗಿದ ಮರುದಿನ ಫಿಟ್ಸ್ ಬಂತು ಎನ್ನುವವರು ಎಷ್ಟೋ ಜನ. ಹೋಗಬೇಡಿ ಎಂದು ಹೇಳುತ್ತಿಲ್ಲ. ಗುಳಿಗೆ ಚೀಲದಲ್ಲಿರಲಿ, ಮಗುವಿಗೆ ಮಲಗಲು ಒಂದು ಮೂಲೆ ಇರಲಿ.

ಇಇಜಿಗೆ ನಿದ್ದೆಗೆಡಿಸಿ ಕರೆತನ್ನಿ ಅಂದಿದ್ದಾರೆ. ಯಾಕೆ?

ಇಇಜಿ ಅಂದರೆ ತಲೆಗೆ ತಂತಿ ಅಂಟಿಸಿ ಮೆದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ. ಕೆಲವು ಫಿಟ್ಸ್‌ನ ಗುರುತು ಮಗು ಮಲಗಿದಾಗ ಮಾತ್ರ ಇಇಜಿಯಲ್ಲಿ ಕಾಣುತ್ತದೆ. ಅದಕ್ಕೇ ಹಿಂದಿನ ರಾತ್ರಿ ತಡವಾಗಿ ಮಲಗಿಸಿ ಬೇಗ ಎಬ್ಬಿಸಲು ಹೇಳುತ್ತಾರೆ. ತೊಂದರೆ ಆಗುವುದು ಬಸ್ಸಿನಲ್ಲಿ. ಸುರಪುರದಿಂದ ಕಲಬುರಗಿಗೆ ಬರುವಷ್ಟರಲ್ಲಿ ಮಗು ತೊಡೆಯ ಮೇಲೆ ಗಡದ್ದಾಗಿ ಮಲಗಿ ಎದ್ದಿರುತ್ತದೆ, ಯಂತ್ರದ ಮುಂದೆ ಕಣ್ಣು ಪಿಳಿಪಿಳಿ. ದಾರಿಯಲ್ಲಿ ಕಿಟಕಿ ಪಕ್ಕ ಕೂರಿಸಿ, ಮಾತಾಡಿಸುತ್ತಾ, ತಿನ್ನಲು ಕೊಡುತ್ತಾ ಎಚ್ಚರವಿಡಲು ಇನ್ನೊಬ್ಬರು ಜೊತೆಗಿರಲಿ. ತಲೆಗೆ ಎಣ್ಣೆ ಹಚ್ಚಬೇಡಿ. ಗುಳಿಗೆ ತಪ್ಪಿಸಬೇಡಿ, ಡಾಕ್ಟರ್ ಹಾಗೆ ಹೇಳಿದ್ದರೆ ಮಾತ್ರ ಬೇರೆ.

ಆಟಿಸಂ ಇರುವ ಮಗಳು ರಾತ್ರಿ 2 ಗಂಟೆಗೆ ಎದ್ದು ನಗುತ್ತಾ ಆಡುತ್ತಾಳೆ. ಏನು ಮಾಡಲಿ?

ಮೊದಲು ಬೆಳಗಿನಿಂದ ಶುರು ಮಾಡಿ. ರಾತ್ರಿ ಎಷ್ಟೇ ಕೆಟ್ಟಿರಲಿ, ಏಳುವ ಹೊತ್ತು ಒಂದೇ ಇರಲಿ. ಎದ್ದ ಮೇಲೆ ಅಂಗಳದ ಬಿಸಿಲಿಗೆ ಕರೆದುಕೊಂಡು ಹೋಗಿ. ಹೊತ್ತು ಗೊತ್ತಾಗಲು ಮೆದುಳಿಗೆ ಬೆಳಕು ಬೇಕು. ಮಧ್ಯಾಹ್ನ 3ರ ಮೇಲೆ ಮಲಗಿಸಬೇಡಿ.

ಸಂಜೆಯ ಕೆಲಸಗಳಿಗೆ ಒಂದು ಸಾಲು ಇಡಿ. ಊಟ, ಮುಖ ತೊಳೆಯುವುದು, ಬಟ್ಟೆ, ಹಾಸಿಗೆ, ಲೈಟ್ ಸಣ್ಣದು. ದಿನಾ ಅದೇ ಸಾಲು. ಮಾತು ಅರ್ಥವಾಗದ ಮಗುವಿಗೆ ಇವುಗಳ ಚಿತ್ರಗಳನ್ನು ಗೋಡೆಗೆ ಅಂಟಿಸಿ, ಮುಗಿದಂತೆ ಒಂದೊಂದಾಗಿ ತೆಗೆಯಲು ಕೊಡಿ. ಆಟಿಸಂ ಮಕ್ಕಳಿಗೆ ಮುಂದೇನು ಎಂದು ಗೊತ್ತಿದ್ದರೆ ನೆಮ್ಮದಿ. ಮೊಬೈಲ್ ಮಲಗುವ ಒಂದು ಗಂಟೆ ಮೊದಲೇ ಮನೆಯವರೆಲ್ಲರ ಕೈಯಿಂದ ದೂರ. ಮುತ್ಯಾನ ಕೈಯಲ್ಲಿ ವಿಡಿಯೋ ಓಡುತ್ತಿದ್ದರೆ ಮಗು ಯಾಕೆ ಮಲಗಬೇಕು?

ಬೇರೆ ಕೋಣೆಯಲ್ಲಿ ಒಂಟಿಯಾಗಿ ಮಲಗಿಸಿ ಎಂಬ ಸಲಹೆ ಹೊರದೇಶದ ವಿಡಿಯೋಗಳಲ್ಲಿ ನೋಡಿರುತ್ತೀರಿ. ನಮ್ಮ ಮನೆಗಳಲ್ಲಿ ಎಲ್ಲರೂ ಸಾಲಾಗಿ ಮಲಗುತ್ತೇವೆ, ಅದನ್ನು ಬಿಡಬೇಕಿಲ್ಲ. ಆದರೆ ತೊಡೆ ಮೇಲೆ ತಟ್ಟಿಸಿಕೊಂಡೇ ನಿದ್ದೆ ಹೋದ ಮಗು ನಡುರಾತ್ರಿ ಎಚ್ಚರವಾದಾಗ ಮತ್ತೆ ಅದೇ ತಟ್ಟುವ ಕೈ ಹುಡುಕುತ್ತದೆ. ತಟ್ಟುವುದನ್ನು ದಿನ ದಿನಕ್ಕೆ ಕಡಿಮೆ ಮಾಡುತ್ತಾ, ಪಕ್ಕದಲ್ಲಿ ಸುಮ್ಮನೆ ಮಲಗುವ ತನಕ ತನ್ನಿ. ರಾತ್ರಿ 2ಕ್ಕೆ ಎದ್ದರೆ ಲೈಟ್ ಹಾಕಬೇಡಿ, ತಿಂಡಿ, ಆಟ, ಮೊಬೈಲ್ ಬೇಡ, ಮಾತೂ ಕಡಿಮೆ. ಮೊದಲ ವಾರ ಕಷ್ಟ ಹೆಚ್ಚಾದಂತೆ ಕಾಣುತ್ತದೆ. ಅಲ್ಲೇ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಎರಡು-ಮೂರು ವಾರ ಹಿಡಿದು ನಡೆಸಿ.

ಇನ್ನೊಂದು ಸಂಗತಿ, ಚಹಾ. ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಬೆಳಿಗ್ಗೆ ಸಂಜೆ ಚಹಾದಲ್ಲಿ ಖಾರಿ ಅದ್ದಿ ಕೊಡುತ್ತೇವೆ. ಸಂಜೆಯ ಚಹಾ ನಿದ್ದೆ ಓಡಿಸುತ್ತದೆ. ಅಷ್ಟೇ ಅಲ್ಲ, ಊಟದ ಜೊತೆ ಕುಡಿದರೆ ಕಬ್ಬಿಣದ ಅಂಶ ಮೈಗೆ ಹತ್ತಲು ಬಿಡುವುದಿಲ್ಲ. ಕಬ್ಬಿಣ ಕಡಿಮೆಯಾದ ಮಕ್ಕಳು ರಾತ್ರಿ ಕಾಲು ಒದೆಯುತ್ತಾ, ಹೊರಳಾಡುತ್ತಾ ಇರುತ್ತಾರೆ. ಎಡಿಎಚ್‌ಡಿ (ಗಮನ ನಿಲ್ಲದ, ಚಟುವಟಿಕೆ ಅತಿಯಾಗುವ ತೊಂದರೆ), ಆಟಿಸಂ ಮಕ್ಕಳಲ್ಲಿ ಇದನ್ನು ನೋಡಲೇಬೇಕು. ಮೈಯಲ್ಲಿ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಎಂಬ ರಕ್ತ ಪರೀಕ್ಷೆ ಮಾಡಿಸಲು ಕೇಳಿ.

ಮೆಲಟೋನಿನ್ ಕೊಡಬಹುದಾ?

ಮೇಲೆ ಹೇಳಿದ್ದನ್ನೆಲ್ಲಾ ಮಾಡಿಯೂ ಆಗದಿದ್ದರೆ ಡಾಕ್ಟರ್ ಕೊಡುತ್ತಾರೆ. ಮಲಗುವ ಅರ್ಧದಿಂದ ಒಂದು ಗಂಟೆ ಮುಂಚೆ, ಸಣ್ಣ ಡೋಸ್‌ನಿಂದ ಶುರು. ನಿದ್ದೆ ಬೇಗ ಹತ್ತಲು ಇದು ಚೆನ್ನಾಗಿ ಕೆಲಸ ಮಾಡುತ್ತದೆ, ನಡುರಾತ್ರಿ ಏಳುವುದಕ್ಕೆ ಅಷ್ಟಿಲ್ಲ. ಅಭ್ಯಾಸಗಳನ್ನು ಸರಿಪಡಿಸದೆ ಗುಳಿಗೆ ಮಾತ್ರ ಕೊಟ್ಟರೆ ಫಲ ಕಡಿಮೆ. ಆನ್‌ಲೈನಲ್ಲಿ ಸಿಗುವ ಚಾಕೊಲೇಟಿನಂಥ ಗಮ್ಮಿ ತರಿಸಬೇಡಿ. ಡಬ್ಬಿ ಮೇಲೆ ಬರೆದಷ್ಟೇ ಒಳಗಿರುತ್ತದೆ ಎನ್ನುವ ಭರವಸೆ ಇಲ್ಲ.

ಕೆಮ್ಮಿನ ಸಿರಪ್ ಕೊಟ್ಟರೆ ಮಲಗುತ್ತಾನೆ. ತಪ್ಪೇನು?

ತಪ್ಪು ದೊಡ್ಡದು. ಮೆಡಿಕಲ್ ಶಾಪಿನಿಂದ ತಂದ ನೆಗಡಿ ಸಿರಪ್‌ನಿಂದ ಬರುವುದು ಮಂಪರು, ಒಳ್ಳೆಯ ನಿದ್ದೆಯಲ್ಲ. ಕ್ಲೋರ್‌ಫೆನಿರಾಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ಸಿರಪ್ 4 ವರ್ಷದೊಳಗಿನವರಿಗೆ ಕೊಡಬಾರದೆಂದು ಕೇಂದ್ರ ಔಷಧ ನಿಯಂತ್ರಕರು 2023ರಲ್ಲಿ ಆದೇಶಿಸಿದ್ದಾರೆ. ಪ್ರೊಮೆಥಜಿನ್ ಎಂಬ ಮಂಪರಿನ ಔಷಧಿಯನ್ನು 2 ವರ್ಷದೊಳಗೆ ಕೊಟ್ಟರೆ ಉಸಿರೇ ನಿಲ್ಲಬಹುದು. ಆಪ್ನಿಯಾ ಇರುವ ಅಥವಾ ಸ್ನಾಯು ದುರ್ಬಲವಾದ ಮಗುವಿಗೆ ಮಂಪರಿನ ಔಷಧಿ ಯಾವುದೇ ಇರಲಿ, ಅಪಾಯ ಹೆಚ್ಚು. ನಾಟಿ ಔಷಧಿ ಎಂದು ಅಫೀಮು ಸೇರಿದ್ದನ್ನು ಯಾರಾದರೂ ಕೊಟ್ಟರೆ ಮುಟ್ಟಬೇಡಿ.

ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗಿಸಬಹುದಾ?

ನಿದ್ದೆ ಹತ್ತಬೇಕಾದರೆ ಮೈಯ ಬಿಸಿ ಸ್ವಲ್ಪ ಇಳಿಯಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಹಗಲು 40 ಡಿಗ್ರಿ ದಾಟುವ ಊರು ನಮ್ಮದು. ಶಹಾಬಾದ್ ಕಲ್ಲು ಹಾಸಿದ ಛತ್ತು ಹಗಲೆಲ್ಲಾ ಕಾದು ರಾತ್ರಿ ಹನ್ನೊಂದಾದರೂ ಒಳಗೆ ಬಿಸಿ ಬಿಡುತ್ತಿರುತ್ತದೆ. ಹಾಗಾಗಿ ಮಾಳಿಗೆ ಹತ್ತುವುದು ಸರಿಯೇ. ಆದರೆ ಫಿಟ್ಸ್ ಇರುವ ಅಥವಾ ನಿದ್ದೆಯಲ್ಲಿ ಎದ್ದು ನಡೆಯುವ ಮಗುವಿಗೆ ಸುತ್ತ ಗೋಡೆ ಇದ್ದರೆ ಮಾತ್ರ. ಇಬ್ಬರು ದೊಡ್ಡವರ ನಡುವೆ, ಮೆಟ್ಟಿಲಿನಿಂದ ದೂರ, ಸೊಳ್ಳೆಪರದೆಯೊಳಗೆ ಮಲಗಲಿ. ಇಲ್ಲದಿದ್ದರೆ ಸಂಜೆ ಛತ್ತಿಗೆ ನೀರು ಹೊಡೆದು, ಕೂಲರ್ ಹಾಕಿ, ಕಿಟಕಿ ತೆರೆದಿಡಿ. ಮಲಗುವ ಮುಂಚೆ ಉಗುರುಬೆಚ್ಚಗಿನ ನೀರಲ್ಲಿ ಮೈ ತೊಳೆಸಿ.

ಫಿಟ್ಸ್‌ಗೆ ಟೋಪಿರಮೇಟ್ ಅಥವಾ ಜೋನಿಸಮೈಡ್ ತೆಗೆದುಕೊಳ್ಳುವ ಮಕ್ಕಳಿಗೆ ಬೆವರು ಕಡಿಮೆಯಾಗಬಹುದು. ಬೆವರದಿದ್ದರೆ ಮೈ ಕಾದು ಜ್ವರ ಬಂದಂತಾಗುತ್ತದೆ. ನಮ್ಮ ಬಿಸಿಲಿಗೆ ಇದು ಸಣ್ಣ ಮಾತಲ್ಲ. ಬೇಸಿಗೆ ಶುರುವಾಗುವ ಮೊದಲೇ ಡಾಕ್ಟರ ಹತ್ತಿರ ಮಾತಾಡಿ, ನೀರು ಜಾಸ್ತಿ ಕುಡಿಸಿ.

ದೃಷ್ಟಿಯಾಗಿದೆ ಅಂತ ಅತ್ತೆ ತಾಯಿತ ಕಟ್ಟಿಸಿದ್ದಾರೆ.

ಕಟ್ಟಿರಲಿ. ದರ್ಗಾಕ್ಕೋ ಮಠಕ್ಕೋ ಹೋಗಿ ಮನಸ್ಸಿಗೆ ಸಮಾಧಾನವಾದರೆ ಒಳ್ಳೆಯದೇ. ಗುಳಿಗೆ ಮಾತ್ರ ನಿಲ್ಲಬಾರದು. ಕೊರಳಲ್ಲಿ ದಾರ ಬಿಗಿಯಾಗಿದ್ದರೆ ಕೈಗೆ ಕಟ್ಟಿ, ರಾತ್ರಿ ಕುತ್ತಿಗೆಗೆ ಸುತ್ತಿಕೊಳ್ಳುವ ಭಯ ಇರುವುದಿಲ್ಲ.

ನನಗೇ ನಿದ್ದೆ ಇಲ್ಲ. ಅದಕ್ಕೇನು ಮಾಡಲಿ?

ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ತಾಯಂದಿರು, ಅದೂ ಸಣ್ಣ ದನಿಯಲ್ಲಿ. ಇದು ಮಗುವಿನ ಚಿಕಿತ್ಸೆಯ ಭಾಗವೇ. ರಾತ್ರಿಯನ್ನು ಎರಡು ಪಾಲು ಮಾಡಿ. ನಡುರಾತ್ರಿ ತನಕ ಒಬ್ಬರು, ಆಮೇಲೆ ಇನ್ನೊಬ್ಬರು. ಯಜಮಾನರು ದುಡಿಯಲು ಹೈದರಾಬಾದ್, ಪುಣೆ ಅಂತ ಹೋಗಿದ್ದರೆ ವಾರಕ್ಕೆ ಎರಡು ರಾತ್ರಿಯಾದರೂ ಅವ್ವನೋ ನಾದಿನಿಯೋ ನೋಡಿಕೊಳ್ಳಲಿ. ಅವರಿಗೆ ಫಿಟ್ಸ್ ಬಂದರೆ ಏನು ಮಾಡಬೇಕೆಂದು ಮೊದಲೇ ಕಲಿಸಿಡಿ. ಯಾವುದರಲ್ಲೂ ಮನಸ್ಸಿಲ್ಲ, ಅಳು ಬರುತ್ತಿದೆ ಎಂದಾದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಎಲ್ಲಿ ತೋರಿಸಬೇಕು? ಏನು ತೆಗೆದುಕೊಂಡು ಹೋಗಬೇಕು?

ಮೊದಲು ಮಕ್ಕಳ ಡಾಕ್ಟರ್. ಕಲಬುರಗಿಯಲ್ಲಿ ಜಿಮ್ಸ್ ಮತ್ತು ಇಎಸ್‌ಐ ಮೆಡಿಕಲ್ ಕಾಲೇಜು, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಎಂಬ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. 18 ವರ್ಷದ ತನಕದ ಮಕ್ಕಳಿಗೆ ಸರ್ಕಾರದ ಆರ್‌ಬಿಎಸ್‌ಕೆ ಯೋಜನೆ ಇದೆ. ಅಂಗನವಾಡಿ, ಶಾಲೆಗೆ ಬರುವ ಅದರ ತಂಡಕ್ಕೆ ಹೇಳಿದರೆ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಮಕ್ಕಳ ನರರೋಗ ತಜ್ಞರು ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್, ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ. ಬೀದರ್ ಕಡೆಯವರಿಗೆ ಹೈದರಾಬಾದೇ ಹತ್ತಿರ. ಅಂಗವಿಕಲರ ಯುಡಿಐಡಿ ಕಾರ್ಡ್ ಮಾಡಿಸಿ. ಸಿಪಿ, ಆಟಿಸಂ, ಬೌದ್ಧಿಕ ಅಂಗವಿಕಲತೆ, ಬಹು ಅಂಗವಿಕಲತೆ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿ ತನಕ ಸಿಗುತ್ತದೆ. ಥೆರಪಿ ಖರ್ಚೂ ಅದರಲ್ಲಿ ಸೇರಿದೆ.

ಹೋಗುವಾಗ ಎರಡು ವಾರದ ನಿದ್ದೆಯ ಲೆಕ್ಕ ಒಯ್ಯಿರಿ. ಶಾಲೆಯ ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು ಸಾಕು: ಹಾಸಿಗೆಗೆ ಹೋದ ಹೊತ್ತು, ನಿದ್ದೆ ಹತ್ತಿದ ಹೊತ್ತು, ಎಷ್ಟು ಸಲ ಎದ್ದಿತು, ಎದ್ದಾಗ ಏನು ಮಾಡಿತು, ಬೆಳಿಗ್ಗೆ ಎದ್ದ ಹೊತ್ತು, ಹಗಲ ನಿದ್ದೆ. ಓದು-ಬರಹ ಬರದಿದ್ದರೆ ದೊಡ್ಡ ಮಕ್ಕಳು ಬರೆಯಲಿ, ಇಲ್ಲವೇ ದಿನಾ ಮೊಬೈಲಿನಲ್ಲಿ ಹೇಳಿ ರೆಕಾರ್ಡ್ ಮಾಡಿ. ಎಲ್ಲಾ ಔಷಧಿಗಳ ಬಾಟಲಿ, ಪಟ್ಟಿ, ಹಳೇ ಇಇಜಿ, ಎಂಆರ್‌ಐ, ಆ ವಿಡಿಯೋ ಜೊತೆಗಿರಲಿ.

ಬೆಳಗಾಗುವ ತನಕ ಕಾಯಬಾರದ್ದು ಯಾವಾಗ?

ತುಟಿ, ಉಗುರು ನೀಲಿಯಾದರೆ. ಉಸಿರು ನಿಂತು ನಿಂತು ಬರುತ್ತಿದ್ದರೆ. ಫಿಟ್ಸ್ 5 ನಿಮಿಷ ದಾಟಿದರೆ, ಅಥವಾ ನಿಂತ ಮೇಲೂ ಮಗುವಿಗೆ ಎಚ್ಚರ ಬಾರದಿದ್ದರೆ. ತಲೆಯಲ್ಲಿ ತುಂಬುವ ನೀರು ಇಳಿಸಲು ನಳಿಕೆ (ಶಂಟ್) ಹಾಕಿಸಿಕೊಂಡ ಮಗು ಸಿಕ್ಕಾಪಟ್ಟೆ ಮಲಗಿ, ಎಬ್ಬಿಸಿದರೂ ಏಳದೆ, ವಾಂತಿ ಮಾಡುತ್ತಿದ್ದರೆ ನಳಿಕೆ ಕಟ್ಟಿರಬಹುದು, ಅದನ್ನು ಒಳ್ಳೆಯ ನಿದ್ದೆ ಎಂದು ಬಿಡಬೇಡಿ. ಇವುಗಳಲ್ಲಿ ಯಾವುದೇ ಕಂಡರೂ ಆ ಹೊತ್ತಿನಲ್ಲೇ 108ಕ್ಕೆ ಫೋನ್ ಮಾಡಿ, ಗುಳಿಗೆಗಳ ಚೀಲ ಹಿಡಿದುಕೊಂಡೇ ಹೊರಡಿ.